ಹಾರುವ ಮೊದಲಿನ ಹಾದಿ: ಅಮೆರಿಕದ ಪೈಲಟ್‌ಗಳ ತರಬೇತಿ ಮತ್ತು ಓಡಾಟದ ಇತಿಹಾಸ

ಅಮೆರಿಕದ ವಿಮಾನಯಾನ ಸಂಸ್ಥೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಪೈಲಟ್‌ಗಳು ಮೊದಲ ಕೆಲವು ವಾರ ವಿಮಾನದ ಹತ್ತಿರ ಸುಳಿಯುವುದಿಲ್ಲ. ತರಗತಿಯಲ್ಲಿ ಕುಳಿತು ಸಂಸ್ಥೆಯ ನಿಯಮಗಳನ್ನು ಓದುತ್ತಾರೆ. ವಿಮಾನದ ವಿದ್ಯುತ್, ಇಂಧನ, ಹೈಡ್ರಾಲಿಕ್ ವ್ಯವಸ್ಥೆಗಳನ್ನು ಮನನ ಮಾಡುತ್ತಾರೆ. ರಾತ್ರಿ ಹೋಟೆಲ್ ಕೋಣೆಯ ಗೋಡೆಗೆ ಕಾಕ್‌ಪಿಟ್‌ನ ಕಾಗದದ ಚಿತ್ರ ಅಂಟಿಸಿಕೊಂಡು, ಯಾವ ಸ್ವಿಚ್ ಎಲ್ಲಿದೆ ಎಂದು ಬೆರಳಿಟ್ಟು ಅಭ್ಯಾಸ ಮಾಡುತ್ತಾರೆ. ಆಮೇಲೆ ಸಿಮ್ಯುಲೇಟರ್, ಅದರೊಳಗೇ ಪರೀಕ್ಷೆ, ಕೊನೆಗೆ ತರಬೇತುದಾರ ಕ್ಯಾಪ್ಟನ್ ಪಕ್ಕದಲ್ಲಿ ಕುಳಿತು ಪ್ರಯಾಣಿಕರನ್ನು ಹೊತ್ತ ವಿಮಾನ. ಈ ನಡುವೆ ಮನೆಗೆ ಹೋಗಿ ಬರಬೇಕೆಂದರೆ, ಮುಂದೆ ಕೆಲಸದ ಊರಿಗೆ ಹೋಗಬೇಕೆಂದರೆ, ಅವರು ವಿಮಾನ ನಿಲ್ದಾಣದ ಗೇಟಿನ ಮುಂದೆ ಕಾಯುತ್ತಾರೆ. ಟಿಕೆಟ್ ಕೊಂಡವರೆಲ್ಲ ಹತ್ತಿದ ಮೇಲೆ ಒಂದು ಸೀಟು ಉಳಿದರೆ ಪಯಣ, ಇಲ್ಲದಿದ್ದರೆ ಮುಂದಿನ ವಿಮಾನ. ತರಬೇತಿಯ ಪ್ರತಿ ಗಂಟೆಗೂ ಸರ್ಕಾರದ ನಿಯಮವಿದೆ. ಕೆಲಸಕ್ಕೆ ತಲುಪುವ ಪಾಡನ್ನು ಮಾತ್ರ ಪೈಲಟ್‌ನ ಹೆಗಲಿಗೇ ಬಿಡಲಾಗಿದೆ. ಈ ಎರಡು ಸಂಗತಿಗಳು ಹೀಗೆ ಬೇರೆ ಬೇರೆ ದಾರಿ ಹಿಡಿದದ್ದಕ್ಕೆ ನೂರು ವರ್ಷದ ಹಿನ್ನೆಲೆ ಇದೆ.

ಅಮೆರಿಕದಲ್ಲಿ ನಿಯಮಿತ ವಿಮಾನ ಸೇವೆ ಶುರುವಾದದ್ದು ಅಂಚೆಯಿಂದ. 1918ರ ಮೇ 15ರಂದು ವಾಷಿಂಗ್ಟನ್ ಮತ್ತು ನ್ಯೂಯಾರ್ಕ್ ನಡುವೆ, ಫಿಲಡೆಲ್ಫಿಯಾ ಮಾರ್ಗವಾಗಿ, ಏರ್‌ಮೇಲ್ ಹೊರಟಿತು. ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಸ್ವತಃ ಬಂದು ನಿಂತಿದ್ದರು. ಸೈನ್ಯದ ಲೆಫ್ಟಿನೆಂಟ್ ಜಾರ್ಜ್ ಬಾಯ್ಲ್ ಪೈಲಟ್. ತರಬೇತಿ ಮುಗಿಸಿ ಬಹಳ ದಿನವಾಗಿರಲಿಲ್ಲ. ಆದರೆ ಅವರು ಮದುವೆಯಾಗಲಿದ್ದ ಹುಡುಗಿಯ ತಂದೆ ಅಂತರರಾಜ್ಯ ವಾಣಿಜ್ಯ ಆಯೋಗದ ಆಯುಕ್ತರು. ಶಿಫಾರಸು ಎಂಬುದು ವಿಮಾನಯಾನಕ್ಕಿಂತ ಹಳೆಯದು. ಎಂಜಿನ್ ಚಾಲೂ ಆಗದೆ ಎಲ್ಲರೂ ಕಂಗಾಲಾದರು. ನೋಡಿದರೆ ಟ್ಯಾಂಕಿನಲ್ಲಿ ಇಂಧನವೇ ಇರಲಿಲ್ಲ. ಇಂಧನ ತುಂಬಿಸಿಕೊಂಡು ಹಾರಿದ ಬಾಯ್ಲ್ ರೈಲು ಹಳಿಯನ್ನು ಗುರುತಾಗಿ ಹಿಡಿದರು. ಹಿಡಿದದ್ದು ತಪ್ಪು ಹಳಿ. ಉತ್ತರಕ್ಕೆ ಹೋಗಬೇಕಾದವರು ದಕ್ಷಿಣಕ್ಕೆ ಹೋಗಿ, ಮೇರಿಲ್ಯಾಂಡ್‌ನ ವಾಲ್ಡಾರ್ಫ್ ಎಂಬ ಊರಿನ ಹೊಲದಲ್ಲಿ ಇಳಿದಾಗ ವಿಮಾನ ಮಗುಚಿಕೊಂಡಿತು. ಎರಡನೇ ಅವಕಾಶ ಕೊಟ್ಟಾಗಲೂ ದಾರಿ ತಪ್ಪಿ ಚೆಸಾಪೀಕ್ ಕೊಲ್ಲಿಯ ಬಾಯಿಯಲ್ಲಿರುವ ಕೇಪ್ ಚಾರ್ಲ್ಸ್ ತಲುಪಿದರು. ಬಾಯ್ಲ್ ಅವರನ್ನು ಹಾಸ್ಯಕ್ಕೆ ಗುರಿ ಮಾಡುವುದು ಸುಲಭ. ಆದರೆ ಅಂದಿನ ತರಬೇತಿಯಲ್ಲಿ ದೂರದ ಊರಿಗೆ ದಾರಿ ಹುಡುಕುವುದನ್ನು ಕಲಿಸುತ್ತಿದ್ದುದೇ ಕಡಿಮೆ. ಭರವಸೆ ಇಡಬಹುದಾದ ವೈಮಾನಿಕ ನಕ್ಷೆಗಳೂ ಇರಲಿಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ಅಂಚೆ ಇಲಾಖೆ ಈ ಕೆಲಸವನ್ನು ಸೈನ್ಯದಿಂದ ತೆಗೆದುಕೊಂಡು ತನ್ನದೇ ಪೈಲಟ್‌ಗಳನ್ನು ನೇಮಿಸಿತು. ಹೊಸಬರಿಗೆ ಹಳಬರು ಹೇಳಿಕೊಟ್ಟದ್ದೇ ಪಾಠ: ಯಾವ ನದಿ ಹಿಡಿಯಬೇಕು, ಯಾವ ಬೆಟ್ಟದ ಸಂದಿಯಲ್ಲಿ ಮಂಜು ಕೂರುತ್ತದೆ, ಎಂಜಿನ್ ಕೈಕೊಟ್ಟರೆ ಯಾರ ಹೊಲ ಸಮತಟ್ಟು. 1927ರವರೆಗೆ ನಡೆದ ಈ ಸೇವೆಯಲ್ಲಿ 30ಕ್ಕೂ ಹೆಚ್ಚು ಪೈಲಟ್‌ಗಳು ಸತ್ತರು. ಬದುಕಿ ಉಳಿದವರ ಅನುಭವವನ್ನು ಪುಸ್ತಕಕ್ಕೆ ಇಳಿಸಿದವರು ಎಲ್ರೆ ಜೆಪ್ಪೆಸೆನ್. ಅಂಚೆ ವಿಮಾನ ಹಾರಿಸುತ್ತಿದ್ದ ಅವರು ಹತ್ತು ಸೆಂಟಿನ ಒಂದು ನೋಟ್‌ಪುಸ್ತಕ ಕೊಂಡು, ಇಳಿಯಲು ತಕ್ಕ ಬಯಲುಗಳ ಉದ್ದ, ನೀರಿನ ಟ್ಯಾಂಕುಗಳ ಎತ್ತರ, ಹವಾಮಾನ ವಿಚಾರಿಸಲು ರೈತರ ಫೋನ್ ನಂಬರುಗಳನ್ನು ಬರೆದಿಟ್ಟುಕೊಂಡರು. ಸಹೋದ್ಯೋಗಿಗಳು ಪ್ರತಿ ಕೇಳತೊಡಗಿದಾಗ 1934ರಿಂದ ಹತ್ತು ಡಾಲರಿಗೆ ಒಂದರಂತೆ ಮಾರಿದರು. ಮುಂದೆ ಇದೇ ಜೆಪ್ಪೆಸೆನ್ ನಕ್ಷೆಗಳು ಜಗತ್ತಿನ ಕಾಕ್‌ಪಿಟ್‌ಗಳನ್ನೆಲ್ಲ ಸೇರಿದವು. ತಿದ್ದುಪಡಿಯಾದ ಹಾಳೆಗಳನ್ನು ಹಳೆಯ ಕಡತದಿಂದ ತೆಗೆದು ಹೊಸದು ಸೇರಿಸುವ ಬೇಸರದ ಕೆಲಸ, ಟ್ಯಾಬ್ಲೆಟ್‌ಗಳು ಬರುವವರೆಗೆ, ಪೈಲಟ್‌ಗಳ ಬಿಡುವಿನ ವೇಳೆಯನ್ನು ತಿನ್ನುತ್ತಲೇ ಇತ್ತು.

1926ರ ವಾಯು ವಾಣಿಜ್ಯ ಕಾಯಿದೆಯಿಂದ ಪೈಲಟ್‌ಗಳಿಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಕಡ್ಡಾಯವಾಯಿತು. 1927ರಲ್ಲಿ ಮೊದಲ ಲೈಸೆನ್ಸನ್ನು ಆರ್ವಿಲ್ ರೈಟ್ ಅವರಿಗೆ ಕೊಡಲು ಬಯಸಿದಾಗ ಅವರು ಬೇಡವೆಂದರು, ಅದು ಅಧಿಕಾರಿ ವಿಲಿಯಂ ಮೆಕ್‌ಕ್ರಾಕೆನ್ ಅವರ ಹೆಸರಿಗೆ ಹೋಯಿತು. ಲೈಸೆನ್ಸ್ ಬಂದರೂ ಮುಖ್ಯ ಸಮಸ್ಯೆ ಹಾಗೆಯೇ ಉಳಿಯಿತು. ಮೋಡದೊಳಗೆ ಸಿಕ್ಕವರು ಯಾಕೆ ಸಾಯುತ್ತಾರೆ?

ಉತ್ತರ ಕಿವಿಯೊಳಗಿತ್ತು. ಮನುಷ್ಯನ ಒಳಗಿವಿಯ ದ್ರವ ಚಲನೆಯ ಆರಂಭವನ್ನು ಗುರುತಿಸುತ್ತದೆ, ಆದರೆ ನಿಧಾನವಾದ, ಒಂದೇ ಸಮನಾದ ತಿರುವನ್ನು ಕೆಲವು ಕ್ಷಣಗಳಲ್ಲಿ ಮರೆತುಬಿಡುತ್ತದೆ. ಹೊರಗೆ ದಿಗಂತ ಕಾಣದಿದ್ದಾಗ, ವಿಮಾನ ವಾಲಿ ಸುತ್ತುತ್ತಾ ಕೆಳಗಿಳಿಯುತ್ತಿದ್ದರೂ ಪೈಲಟ್‌ಗೆ ನೆಟ್ಟಗೆ ಹೋಗುತ್ತಿರುವಂತೆ ಭಾಸವಾಗುತ್ತದೆ. ಸರಿಪಡಿಸಲು ಹೋದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. 1929ರ ಸೆಪ್ಟೆಂಬರ್ 24ರಂದು ಸೈನ್ಯದ ಪೈಲಟ್ ಜಿಮ್ಮಿ ಡೂಲಿಟಲ್ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕುಳಿತು, ಮೀಟರುಗಳನ್ನು ಮಾತ್ರ ನೋಡಿ, ಮೇಲೇರಿ ಸುತ್ತು ಹಾಕಿ ಇಳಿದು ತೋರಿಸಿದರು. ಸಾಧ್ಯವೆಂದು ಸಿದ್ಧವಾಯಿತು, ಕಲಿಸುವುದು ಹೇಗೆ ಎಂಬುದು ಬಾಕಿ ಉಳಿಯಿತು. ಅನುಭವಿ ಪೈಲಟ್‌ಗಳಿಗೆ ತಮ್ಮ ಮೈಯ ಅನಿಸಿಕೆಯ ಮೇಲೆ ಹೆಮ್ಮೆಯಿತ್ತು. ಅದು ಸುಳ್ಳು ಹೇಳುತ್ತದೆ ಎಂದರೆ ಒಪ್ಪಲು ಅವರು ತಯಾರಿರಲಿಲ್ಲ.

ಅವರನ್ನು ಒಪ್ಪಿಸಿದ ಯಂತ್ರ ತಯಾರಾದದ್ದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ನಿನ ಒಂದು ವಾದ್ಯ ಕಾರ್ಖಾನೆಯಲ್ಲಿ. ಎಡ್ವಿನ್ ಲಿಂಕ್ ಅವರ ತಂದೆ ಪಿಯಾನೊ, ಆರ್ಗನ್ ತಯಾರಿಸುತ್ತಿದ್ದರು. ಹಾರಾಟದ ಹುಚ್ಚು ಹಿಡಿದಿದ್ದ ಮಗನಿಗೆ ಪಾಠದ ಶುಲ್ಕ ದುಬಾರಿ ಅನಿಸಿತು. ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನೇ ಬಳಸಿ ಅವರು ಮೋಟು ರೆಕ್ಕೆಯ ಒಂದು ಮರದ ಪೆಟ್ಟಿಗೆ ಕಟ್ಟಿದರು. ಒಳಗೆ ಕುಳಿತವನು ನಿಯಂತ್ರಣದ ಕೋಲು ಆಡಿಸಿದಂತೆ ತಿದಿಗಳು ಉಬ್ಬಿ ಕುಗ್ಗಿ ಪೆಟ್ಟಿಗೆಯನ್ನು ವಾಲಿಸುತ್ತಿದ್ದವು. 1929ರ ಹೊತ್ತಿಗೆ ಯಂತ್ರ ಸಿದ್ಧವಾಗಿತ್ತು. ಆದರೆ ಹಾರಾಟ ಶಾಲೆಗಳು ತಿರುಗಿ ನೋಡಲಿಲ್ಲ; ಕೊಂಡವರು ಮನರಂಜನಾ ಉದ್ಯಾನದವರು. ಜಾತ್ರೆಯ ತೊಟ್ಟಿಲಿನ ಹಾಗೆ ಕಾಸು ಹಾಕಿ ಆಡುವ ಆಟಿಕೆಯಾಗಿ ಅದು ಕೆಲವು ವರ್ಷ ಕಳೆಯಿತು.

1934ರ ಫೆಬ್ರವರಿಯಲ್ಲಿ ಪರಿಸ್ಥಿತಿ ಬದಲಾಯಿತು. ಖಾಸಗಿ ಸಂಸ್ಥೆಗಳಿಗೆ ಕೊಟ್ಟಿದ್ದ ಅಂಚೆ ಗುತ್ತಿಗೆಗಳಲ್ಲಿ ಅಕ್ರಮವಿದೆಯೆಂದು ಅಧ್ಯಕ್ಷ ರೂಸ್ವೆಲ್ಟ್ ಅವನ್ನು ರದ್ದು ಮಾಡಿ, ಅಂಚೆ ಹೊರುವ ಕೆಲಸವನ್ನು ಸೈನ್ಯಕ್ಕೆ ಒಪ್ಪಿಸಿದರು. ಹಗಲಿನ ಹಾರಾಟದಲ್ಲಿ ಪಳಗಿದ್ದ ಸೈನ್ಯದ ತರುಣರಿಗೆ ರಾತ್ರಿಯಲ್ಲಿ, ಹಿಮಗಾಳಿಯಲ್ಲಿ ಮೀಟರು ನೋಡಿ ಹಾರಿಸಿ ಗೊತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು. ಆ ದಿನಗಳಲ್ಲಿ ಸೈನ್ಯಾಧಿಕಾರಿಗಳು ಲಿಂಕ್ ಅವರನ್ನು ನ್ಯೂವಾರ್ಕ್‌ಗೆ ಕರೆಸಿದರು. ಹವೆ ತೀರ ಕೆಟ್ಟಿತ್ತು, ಇಂಥ ಮಂಜಿನಲ್ಲಿ ಯಾರೂ ಬರಲಾರರೆಂದು ಅವರು ಎದ್ದು ಹೊರಡುವುದರಲ್ಲಿದ್ದರು. ಅಷ್ಟರಲ್ಲಿ ಲಿಂಕ್ ಮೀಟರುಗಳ ನೆರವಿನಿಂದಲೇ ಹಾರಿಕೊಂಡು ಬಂದು ಇಳಿದರು. ಬೇರೆ ಸಾಕ್ಷಿ ಬೇಕಿರಲಿಲ್ಲ. ಸೈನ್ಯ ಒಂದಕ್ಕೆ 3,500 ಡಾಲರಿನಂತೆ ಆರು ಯಂತ್ರ ಕೊಂಡಿತು. 1937ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಂದನ್ನು ಕೊಂಡುಕೊಂಡು, ಲಿಂಕ್ ಟ್ರೈನರ್ ಬಳಸಿದ ಮೊದಲ ವಿಮಾನಯಾನ ಸಂಸ್ಥೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಸುಮಾರು 10,000 ಯಂತ್ರಗಳು ತಯಾರಾದವು, ಅವುಗಳಲ್ಲಿ ಕುಳಿತು ಕಲಿತ ವೈಮಾನಿಕರ ಸಂಖ್ಯೆ 5 ಲಕ್ಷದ ಆಸುಪಾಸು.

1930ರ ದಶಕದಲ್ಲೇ ಭಾರತದ ವಿಮಾನಯಾನವೂ ಅಂಚೆ ಚೀಲದೊಂದಿಗೇ ಹುಟ್ಟಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಹಾರಿದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅಂಚೆಯನ್ನು ಮದ್ರಾಸಿಗೆ ಒಯ್ದರು, ನಡುವಿನ ತಂಗುದಾಣ ನಮ್ಮ ಬಳ್ಳಾರಿ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆ ಶುರುವಾಯಿತು. ಬೆಂಗಳೂರಿಗೂ ಈ ವೃತ್ತಿಗೂ ಇನ್ನೊಂದು ನಂಟಿದೆ. 1957ರಲ್ಲಿ ವಾಯುಪಡೆ ಇಲ್ಲಿ ಆರಂಭಿಸಿದ ವೈಮಾನಿಕ ವೈದ್ಯಕೀಯ ಸಂಸ್ಥೆಗೆ ನಾಗರಿಕ ಪೈಲಟ್ ಆಗಬಯಸುವವರು ದೇಹಪರೀಕ್ಷೆಗಾಗಿ ದೂರದೂರದ ರಾಜ್ಯಗಳಿಂದ ಬರುತ್ತಾರೆ. ಹಾರಾಟಕ್ಕೂ ಮುಂಚಿನ ರೈಲು ಪ್ರಯಾಣ ಅವರ ಪಾಲಿಗೂ ತಪ್ಪಿದ್ದಲ್ಲ.

ಮತ್ತೆ 1930ರ ದಶಕದ ಅಮೆರಿಕಕ್ಕೆ ಬಂದರೆ, ಆಗಿನ ಸಂಸ್ಥೆಗಳು ಎರಡು ಬಗೆಯಲ್ಲಿ ಹೊಸಬರನ್ನು ತಯಾರು ಮಾಡುತ್ತಿದ್ದವು. ಪ್ಯಾನ್ ಅಮೆರಿಕನ್ ಹಡಗಿನ ಸಂಪ್ರದಾಯ ಹಿಡಿಯಿತು. ಅಲ್ಲಿ ಸೇರಿದವರು ಶಿಷ್ಯ ಪೈಲಟ್‌ಗಳು. ಎಂಜಿನ್ ಶಾಲೆಯಲ್ಲಿ ಗ್ರೀಸ್ ಮೆತ್ತಿಕೊಂಡು ಕೆಲಸ ಕಲಿತು, ರೇಡಿಯೊ, ದಾರಿ ಗುರುತಿಸುವ ವಿದ್ಯೆ ಓದಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕಿತ್ತು. ಕ್ಯಾಪ್ಟನ್, ಫಸ್ಟ್ ಆಫೀಸರ್ ಎಂಬ ಹುದ್ದೆಯ ಹೆಸರುಗಳೂ ಹಡಗಿನಿಂದಲೇ ಬಂದವು. ಒಳನಾಡಿನ ಸಂಸ್ಥೆಗಳಲ್ಲಿ ಚುಟುಕಾದ ತರಗತಿ ಮುಗಿಸಿದ ಕೋಪೈಲಟ್‌ನನ್ನು ಕ್ಯಾಪ್ಟನ್ ಕೈಗೆ ಒಪ್ಪಿಸುತ್ತಿದ್ದರು, ಉಳಿದದ್ದು ಕ್ಯಾಪ್ಟನ್ ಸ್ವಭಾವ. 1930ರ ದಶಕದ ಕೊನೆಯಲ್ಲಿ ಅಮೆರಿಕನ್ ಏರ್‌ಲೈನ್ಸ್‌ಗೆ ಸೇರಿದ ಅರ್ನೆಸ್ಟ್ ಗ್ಯಾನ್ ತಮ್ಮ ‘ಫೇಟ್ ಈಸ್ ದ ಹಂಟರ್’ ಪುಸ್ತಕದಲ್ಲಿ (1961) ಇಂಥ ಗುರುವೊಬ್ಬರನ್ನು ನೆನೆದಿದ್ದಾರೆ. ಗ್ಯಾನ್ ಮೀಟರು ನೋಡಿ ವಿಮಾನ ಇಳಿಸುತ್ತಿದ್ದಾಗ ಆ ಕ್ಯಾಪ್ಟನ್ ಬೇಕೆಂದೇ ಅವರ ಮುಖದ ಮುಂದೆ ಬೆಂಕಿಕಡ್ಡಿ ಗೀರಿ ಹಿಡಿಯುತ್ತಿದ್ದರಂತೆ. ಏನಾದರೂ ಗಮನ ಕದಲಬಾರದೆಂಬುದು ಪಾಠ. ಕ್ರೂರ ಎನಿಸಿದರೂ ಗ್ಯಾನ್ ಅದಕ್ಕೆ ಋಣಿಯಾಗಿದ್ದರು. ಆದರೆ ಇಡೀ ಉದ್ಯಮ ಒಬ್ಬೊಬ್ಬ ಗುರುವಿನ ಮರ್ಜಿಯ ಮೇಲೆ ನಿಲ್ಲುವಂತಿರಲಿಲ್ಲ.

ಮರ್ಜಿಯ ಜಾಗಕ್ಕೆ ಪಟ್ಟಿ ಬರಲು 1935ರ ಅಕ್ಟೋಬರ್ 30ರ ಅಪಘಾತ ಕಾರಣ. ಒಹಾಯೊದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ ಮಾಡೆಲ್ 299 ಎಂಬ ಹೊಸ ಬಾಂಬರ್ ಮೇಲೇರಿದೊಡನೆ ಬಿದ್ದು ಉರಿಯಿತು. ಹಾರಿಸುತ್ತಿದ್ದ ಮೇಜರ್ ಪ್ಲಾಯರ್ ಹಿಲ್ ಪಳಗಿದ ಕೈ. ವಿಮಾನ ನಿಂತಾಗ ಗಾಳಿಗೆ ಅಲ್ಲಾಡದಂತೆ ಹಿಂದಿನ ರೆಕ್ಕೆಗಳಿಗೆ ಹಾಕಿದ್ದ ಬೀಗವನ್ನು ತೆಗೆಯಲು ಮರೆತಿದ್ದರು, ಅಷ್ಟೆ. ನಾಲ್ಕು ಎಂಜಿನ್ನುಗಳ ಇಂಥ ಯಂತ್ರವನ್ನು ನೆನಪಿನ ಬಲದಿಂದ ನಡೆಸಲಾಗದು ಎಂದು ಅರಿತ ಸೈನ್ಯದ ಪೈಲಟ್‌ಗಳು ಮಾಡಬೇಕಾದ ಕೆಲಸಗಳನ್ನು ಬರೆದಿಟ್ಟುಕೊಳ್ಳತೊಡಗಿದರು. ಇಂದು ಹೊಸ ಪೈಲಟ್ ತರಬೇತಿಯ ಮೊದಲ ವಾರದಲ್ಲೇ ಕಲಿಯುವ ಚೆಕ್‌ಲಿಸ್ಟ್ ಶಿಸ್ತು ಅಲ್ಲಿಂದ ಬಂದದ್ದು.

ಇನ್ನೊಂದು ಪಟ್ಟಿ, ಪೈಲಟ್‌ಗಳ ಬದುಕನ್ನೇ ಆಳುವಂಥದು, ಕಾರ್ಮಿಕ ಸಂಘಟನೆಯಿಂದ ಬಂತು. 1931ರಲ್ಲಿ ಡೇವಿಡ್ ಬೆಂಕಿ ಅವರ ನೇತೃತ್ವದಲ್ಲಿ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ಹುಟ್ಟಿತು. 1934ರ ಒಂದು ತೀರ್ಪು ತಿಂಗಳಿಗೆ 85 ಗಂಟೆಗಿಂತ ಹೆಚ್ಚು ಹಾರಿಸುವಂತಿಲ್ಲ ಎಂದು ಮಿತಿ ಹಾಕಿತು. ಕಾಲಕ್ರಮದಲ್ಲಿ ಸೇವಾ ಹಿರಿತನದ ಪಟ್ಟಿಯೇ ಎಲ್ಲಕ್ಕೂ ಆಧಾರವಾಯಿತು. ಯಾವ ವಿಮಾನ, ಯಾವ ಊರಿನ ಬೇಸ್ (ಕೆಲಸ ಶುರುವಾಗುವ ನೆಲೆ), ಯಾವ ದಿನ ರಜೆ, ಯಾವಾಗ ಕ್ಯಾಪ್ಟನ್ ಹುದ್ದೆ, ಕೆಲಸ ಕಡಿಮೆಯಾದಾಗ ಯಾರನ್ನು ಮೊದಲು ಮನೆಗೆ ಕಳಿಸಬೇಕು ಎಂಬುದನ್ನೆಲ್ಲ ಅದೇ ಹೇಳುತ್ತದೆ. ಒಂದೇ ದಿನ ತರಗತಿಗೆ ಸೇರಿದವರ ನಡುವೆ ಹಿರಿ ಕಿರಿ ನಿರ್ಧರಿಸಲು ಹಲವು ಸಂಸ್ಥೆಗಳು ವಯಸ್ಸನ್ನು ನೋಡುತ್ತವೆ, ಕೆಲವು ಸರ್ಕಾರಿ ಗುರುತಿನ ಸಂಖ್ಯೆಯ ಕೊನೆಯ ಅಂಕಿಗಳನ್ನು ನೋಡುತ್ತವೆ. ಮಾಲೀಕರ ಪಕ್ಷಪಾತಕ್ಕೆ ಕಡಿವಾಣ ಹಾಕಿದ ಈ ಪದ್ಧತಿಗೆ ಒಂದು ಬೆಲೆಯೂ ಇದೆ. ಸಂಸ್ಥೆ ಬದಲಿಸಿದರೆ ಇಪ್ಪತ್ತು ವರ್ಷದ ಕ್ಯಾಪ್ಟನ್ ಕೂಡ ಹೊಸ ಪಟ್ಟಿಯ ತಳಕ್ಕೆ ಇಳಿಯುತ್ತಾರೆ. ಹಾಗಾಗಿ ಸೇರಿದ ಕಡೆಯೇ ಉಳಿಯುವುದು ಈ ವೃತ್ತಿಯ ಅನಿವಾರ್ಯ. ಪೈಲಟ್‌ಗಳ ಓಡಾಟದ ಬವಣೆಗೂ ಇದೇ ಬೇರು.

ಆ ಪಟ್ಟಿಯೊಳಗೆ ಯಾರಿಗೆ ಜಾಗ ಎಂಬುದು ಬೇರೆಯೇ ಹೋರಾಟ. 1934ರಲ್ಲಿ ಸೆಂಟ್ರಲ್ ಏರ್‌ಲೈನ್ಸ್ ಸೇರಿದ ಹೆಲೆನ್ ರಿಚಿ ಅವರನ್ನು ಪೈಲಟ್‌ಗಳ ಸಂಘ ಸದಸ್ಯೆಯಾಗಿ ಒಪ್ಪಲಿಲ್ಲ. ಒಂದು ವರ್ಷ ತುಂಬುವ ಮೊದಲೇ ಅವರು ಕೆಲಸ ಬಿಟ್ಟರು. ಮತ್ತೆ ದೊಡ್ಡ ಸಂಸ್ಥೆಗಳ ಕಾಕ್‌ಪಿಟ್‌ಗೆ ಮಹಿಳೆಯರು ಬರಲು 1973 ಆಯಿತು. ಆ ವರ್ಷ ಎಮಿಲಿ ವಾರ್ನರ್ ಫ್ರಂಟಿಯರ್‌ಗೂ ಬಾನಿ ಟಿಬುರ್ಝಿ ಅಮೆರಿಕನ್‌ಗೂ ಸೇರಿದರು. ಕಪ್ಪು ವರ್ಣೀಯರಾದ ಮಾರ್ಲನ್ ಗ್ರೀನ್ ವಾಯುಪಡೆಯಲ್ಲಿ ನುರಿತ ಪೈಲಟ್. 1957ರಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್‌ಗೆ ಅರ್ಜಿ ಹಾಕುವಾಗ ವರ್ಣದ ಕಲಮನ್ನು ಖಾಲಿ ಬಿಟ್ಟು, ಫೋಟೊ ಲಗತ್ತಿಸದೆ ಕಳಿಸಿದ್ದರಿಂದಲೇ ಅವರಿಗೆ ಪರೀಕ್ಷೆಗೆ ಕರೆ ಬಂತು. ಹಾರಾಟ ಪರೀಕ್ಷೆ ಚೆನ್ನಾಗಿಯೇ ಆಯಿತು, ಕೆಲಸ ಮಾತ್ರ ಬಿಳಿಯರಿಗೆ ಹೋಯಿತು. 1963ರಲ್ಲಿ ಸುಪ್ರೀಂ ಕೋರ್ಟ್ ಗ್ರೀನ್ ಪರ ತೀರ್ಪಿತ್ತಿತು, 1965ರಲ್ಲಿ ಅವರು ಕಾಂಟಿನೆಂಟಲ್ ಸಮವಸ್ತ್ರ ತೊಟ್ಟರು. ಅಷ್ಟರಲ್ಲಿ ಪಟ್ಟಿಯಲ್ಲಿ ಅವರು ಎಂಟು ವರ್ಷ ಹಿಂದೆ ಬಿದ್ದಿದ್ದರು. ನಮ್ಮಲ್ಲಿ ದುರ್ಬಾ ಬ್ಯಾನರ್ಜಿ 1966ರಲ್ಲೇ ಇಂಡಿಯನ್ ಏರ್‌ಲೈನ್ಸ್‌ನ ಪೈಲಟ್ ಆಗಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ಯುದ್ಧಾನಂತರ ವಿಮಾನಗಳು ದೊಡ್ಡವಾದಂತೆ ಕೃತಕ ಕಾಕ್‌ಪಿಟ್‌ಗಳೂ ಬೆಳೆದವು. 1948ರಲ್ಲಿ ಕರ್ಟಿಸ್-ರೈಟ್ ಸಂಸ್ಥೆ ಪ್ಯಾನ್ ಅಮೆರಿಕನ್‌ಗಾಗಿ ಬೋಯಿಂಗ್ ಸ್ಟ್ರಾಟೊಕ್ರೂಸರ್‌ನ ಸಿಮ್ಯುಲೇಟರ್ ಕಟ್ಟಿಕೊಟ್ಟಿತು. ಅದು ಅಲುಗಾಡುತ್ತಿರಲಿಲ್ಲ, ಕಿಟಕಿಯಾಚೆ ದೃಶ್ಯವೂ ಇರಲಿಲ್ಲ. ಆದರೆ ಒಳಗಿನ ಪ್ರತಿ ಮೀಟರು ನಿಜದಂತೆ ಮಿಡಿಯುತ್ತಿತ್ತು. ಎಂಜಿನ್‌ಗೆ ಬೆಂಕಿ ಬಿದ್ದದ್ದು, ಪ್ರೊಪೆಲರ್ ಕೆಟ್ಟದ್ದು ಎಲ್ಲವನ್ನೂ ನೆಲದ ಮೇಲೇ ಅಭ್ಯಾಸ ಮಾಡಬಹುದಾಯಿತು.

ಜೆಟ್ ವಿಮಾನಗಳು ಬಂದ ಮೇಲೂ ತರಬೇತಿಯ ಕೊನೆಯ ಹಂತ ನಿಜ ವಿಮಾನದಲ್ಲೇ ನಡೆಯುತ್ತಿತ್ತು. ಖಾಲಿ ವಿಮಾನ ಹಾರಿಸಿ, ಎಂಜಿನ್ ಕೆಟ್ಟಂತೆ ನಟಿಸಿ, ಇಳಿಸುವ ಅಭ್ಯಾಸ. ಈ ನಟನೆ ಹಲವು ಸಲ ನಿಜವಾಯಿತು. 1959ರ ಆಗಸ್ಟ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 707 ನ್ಯೂಯಾರ್ಕ್ ರಾಜ್ಯದ ಕಾಲ್ವರ್ಟನ್ ಬಳಿ ತರಬೇತಿಯಲ್ಲೇ ಬಿದ್ದು ಒಳಗಿದ್ದ ಐವರೂ ಸತ್ತರು. 1967ರ ಮಾರ್ಚ್ 30ರ ನಸುಕಿನಲ್ಲಿ ಡೆಲ್ಟಾ ಸಂಸ್ಥೆಯ ಡಿಸಿ-8 ನ್ಯೂ ಆರ್ಲಿಯನ್ಸ್‌ನಲ್ಲಿ ಎರಡು ಎಂಜಿನ್ ಕೆಟ್ಟಂತೆ ಇಳಿಯುವ ಅಭ್ಯಾಸದಲ್ಲಿ ಹಿಡಿತ ತಪ್ಪಿ ಮನೆಗಳ ಮೇಲೆ, ಒಂದು ಹೋಟೆಲ್ ಮೇಲೆ ಬಿತ್ತು. ವಿಮಾನದಲ್ಲಿದ್ದ ಆರು ಮಂದಿ, ನೆಲದ ಮೇಲಿದ್ದ 13 ಮಂದಿ ಸತ್ತರು. ಅವರಲ್ಲಿ ಶಾಲಾ ಪ್ರವಾಸಕ್ಕೆಂದು ಬಂದು ತಂಗಿದ್ದ ಒಂಬತ್ತು ಹುಡುಗಿಯರಿದ್ದರು. ಕಲಿಕೆಯ ಬೆಲೆಯನ್ನು ಹೋಟೆಲ್‌ನಲ್ಲಿ ಮಲಗಿದ್ದ ಮಕ್ಕಳು ತೆತ್ತ ಈ ಘಟನೆಯನ್ನು ಕೈಪಿಡಿಗಳು ಇನ್ನಷ್ಟು ಒತ್ತಿ ಹೇಳಬೇಕಿತ್ತು. 1972ರಲ್ಲಿ ಟೆಕ್ಸಾಸ್‌ನಲ್ಲಿ ಮತ್ತೊಂದು ತರಬೇತಿ ವಿಮಾನ ಬಿತ್ತು.

ಕಂಪ್ಯೂಟರ್ ದೃಶ್ಯಗಳು, ಆರು ದಿಕ್ಕಿಗೆ ಕದಲುವ ಕಾಲುಗಳು ಸಿಮ್ಯುಲೇಟರಿಗೆ ಬಂದ ಮೇಲೆ 1980ರಲ್ಲಿ ಸರ್ಕಾರದ ವಿಮಾನಯಾನ ಆಡಳಿತ ಒಂದು ಯೋಜನೆ ಪ್ರಕಟಿಸಿತು. ಅತ್ಯುನ್ನತ ದರ್ಜೆಯ ಸಿಮ್ಯುಲೇಟರ್ ಇದ್ದರೆ ಇಡೀ ತರಬೇತಿಯನ್ನೂ ಪರೀಕ್ಷೆಯನ್ನೂ ಅದರಲ್ಲೇ ಮುಗಿಸಬಹುದು. ಇದರ ಫಲ ಬಹಳ ಪ್ರಯಾಣಿಕರಿಗೆ ತಿಳಿದಿರುವುದಿಲ್ಲ. ಹೊಸ ಪೈಲಟ್ ಆ ಮಾದರಿಯ ನಿಜ ವಿಮಾನವನ್ನು ಮೊದಲ ಸಲ ಹಾರಿಸುವ ದಿನ ಹಿಂದೆ ಪ್ರಯಾಣಿಕರು ತುಂಬಿರುತ್ತಾರೆ. ಕೇಳಿದರೆ ಎದೆ ಝಲ್ಲೆನ್ನಬಹುದು. ಆದರೆ ಹಿಂದಿನ ಪದ್ಧತಿಗಿಂತ ಇದು ನಿಸ್ಸಂಶಯವಾಗಿ ಸುರಕ್ಷಿತ.

ಪಾಠದ ವಿಷಯವೂ ಬದಲಾಯಿತು. 1972ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಸಂಸ್ಥೆಯ ವಿಮಾನ ಫ್ಲಾರಿಡಾದ ಜೌಗಿಗೆ ಬಿದ್ದಾಗ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಉರಿಯದ ಒಂದು ಪುಟ್ಟ ದೀಪದ ಹಿಂದೆ ಬಿದ್ದಿದ್ದರು. 1978ರಲ್ಲಿ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್‌ನ ವಿಮಾನ ಇಂಧನ ತೀರಿ ಬಿತ್ತು. ಇಂಧನ ಕಡಿಮೆಯಿದೆ ಎಂದು ಕಿರಿಯರಿಗೆ ಗೊತ್ತಿತ್ತು, ಕ್ಯಾಪ್ಟನ್‌ಗೆ ಗಟ್ಟಿಯಾಗಿ ಹೇಳಲಿಲ್ಲ. 1979ರಲ್ಲಿ ನಾಸಾ ಈ ಕುರಿತು ಕಾರ್ಯಾಗಾರ ನಡೆಸಿತು, 1981ರಲ್ಲಿ ಯುನೈಟೆಡ್ ತಂಡವಾಗಿ ಕೆಲಸ ಮಾಡುವುದನ್ನೇ ಒಂದು ಪಾಠವಾಗಿ ಜಾರಿಗೆ ತಂದಿತು. ಬೆಂಕಿಕಡ್ಡಿ ಗೀರುತ್ತಿದ್ದ ಗುರುಗಳ ಕಾಲ ಅಲ್ಲಿಗೆ ಮುಗಿಯಿತು. 1989ರಲ್ಲಿ ಹೈಡ್ರಾಲಿಕ್ ಪೂರ್ತಿ ಕಳೆದುಕೊಂಡ ಡಿಸಿ-10 ಅನ್ನು ಸೂ ಸಿಟಿಗೆ ತಂದ ಕ್ಯಾಪ್ಟನ್ ಆಲ್ ಹೇನ್ಸ್, 296 ಮಂದಿಯಲ್ಲಿ 184 ಮಂದಿ ಬದುಕಲು ಈ ತರಬೇತಿ ಕಾರಣವೆಂದು ಮತ್ತೆ ಮತ್ತೆ ಹೇಳಿದರು.

ಇಷ್ಟೆಲ್ಲ ಸುಧಾರಣೆ ಕಾಕ್‌ಪಿಟ್ ಮತ್ತು ತರಗತಿಯೊಳಗೆ ನಡೆಯುತ್ತಿರುವಾಗ ಹೊರಗೆ ಬೇರೊಂದು ಬೆಳವಣಿಗೆ ಆಗುತ್ತಿತ್ತು. 1978ರ ಅಕ್ಟೋಬರ್‌ನಲ್ಲಿ ವಿಮಾನ ದರ ಮತ್ತು ಮಾರ್ಗಗಳ ಮೇಲಿದ್ದ ಸರ್ಕಾರಿ ನಿಯಂತ್ರಣ ತೆಗೆಯುವ ಕಾಯಿದೆ ಬಂತು. ಸಂಸ್ಥೆಗಳು ಕೆಲವೇ ದೊಡ್ಡ ಊರುಗಳನ್ನು ಕೇಂದ್ರ ಮಾಡಿಕೊಂಡವು. ವಿಲೀನ, ದಿವಾಳಿಗಳಲ್ಲಿ ಬೇಸ್‌ಗಳು ತೆರೆದವು, ಮುಚ್ಚಿದವು. ಪ್ರತಿ ಸಲ ಸಂಸಾರ ಕಿತ್ತುಕೊಂಡು ಹೋಗಲು ಯಾರಿಗೂ ಆಗದು. ಸಂಸ್ಥೆ ಬಿಡಲು ಹಿರಿತನ ಬಿಡದು. ಉಳಿದ ದಾರಿ ಒಂದೇ: ಮನೆ ಒಂದೂರಿನಲ್ಲಿ, ಬೇಸ್ ಇನ್ನೊಂದೂರಿನಲ್ಲಿ, ನಡುವೆ ಉಚಿತ ಪಾಸ್‌ನ ಪಯಣ. ಹಿಂದೆಯೂ ಕೆಲವರು ಹೀಗೆ ಮಾಡುತ್ತಿದ್ದರು. ಈಗ ಇದು ವೃತ್ತಿಯ ರೂಢಿಯೇ ಆಯಿತು.

ಸೀಟು ಇಲ್ಲದಿದ್ದರೆ ಕಾಕ್‌ಪಿಟ್‌ನೊಳಗಿನ ಮಡಚುವ ಜಂಪ್‌ಸೀಟು. ಕ್ಯಾಪ್ಟನ್ ಒಪ್ಪಿಗೆ ಇದ್ದರೆ ಬೇರೆ ಸಂಸ್ಥೆಯ ಪೈಲಟ್‌ಗೂ ಅದು ಸಿಗುತ್ತದೆ. ಪರಸ್ಪರ ಸೌಜನ್ಯದ ಈ ಪದ್ಧತಿಗೆ ಪೆಟ್ಟುಗಳೂ ಬಿದ್ದಿವೆ. 1994ರಲ್ಲಿ ಫೆಡೆಕ್ಸ್‌ನ ಸರಕು ವಿಮಾನದಲ್ಲಿ ಹೀಗೆ ಹತ್ತಿದ್ದ ನೌಕರನೊಬ್ಬ ಸುತ್ತಿಗೆ ಹಿಡಿದು ಪೈಲಟ್‌ಗಳ ಮೇಲೆರಗಿದ. 2001ರ ಸೆಪ್ಟೆಂಬರ್ ದಾಳಿಯ ನಂತರ ಬೇರೆ ಸಂಸ್ಥೆಯವರಿಗೆ ಕಾಕ್‌ಪಿಟ್ ಬಾಗಿಲು ಮುಚ್ಚಿತು, ಗುರುತನ್ನು ಗೇಟಿನಲ್ಲೇ ಕಂಪ್ಯೂಟರ್‌ನಿಂದ ತಾಳೆ ನೋಡುವ ವ್ಯವಸ್ಥೆ ಬಂದ ಮೇಲೆ ಮತ್ತೆ ತೆರೆಯಿತು. ಬೇಸ್ ಊರಿನಲ್ಲಿ ತಂಗಲು ‘ಕ್ರ್ಯಾಶ್ ಪ್ಯಾಡ್’ಗಳು ಹುಟ್ಟಿಕೊಂಡವು. ವಿಮಾನ ನಿಲ್ದಾಣದ ಹತ್ತಿರದ ಬಾಡಿಗೆ ಮನೆ, ಕೋಣೆ ತುಂಬ ಅಂತಸ್ತಿನ ಮಂಚಗಳು. ಅಗ್ಗದವುಗಳಲ್ಲಿ ಒಬ್ಬರು ಎದ್ದು ಹೋದ ಹಾಸಿಗೆಗೆ ಇನ್ನೊಬ್ಬರು. ಪಟ್ಟಿಯ ತಳದಲ್ಲಿರುವ ಹೊಸಬರಿಗೇ ಈ ಕಷ್ಟ ಹೆಚ್ಚು. ಅವರಿಗೆ ಯಾರೂ ಬಯಸದ ಬೇಸ್ ಸಿಗುತ್ತದೆ, ಕರೆ ಬಂದರೆ ಹಾಜರಾಗಬೇಕಾದ ರಿಸರ್ವ್ ಪಾಳಿ ಸಿಗುತ್ತದೆ, ಗೇಟಿನಲ್ಲಿ ಕಾಯುವವರ ಸಾಲಿನಲ್ಲೂ ಹಿಂದೆ ನಿಲ್ಲಬೇಕಾಗುತ್ತದೆ.

ಸಂಬಳವೂ ಅವರ ನೆರವಿಗೆ ಬರಲಿಲ್ಲ. 1983ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಹೊಸಬರಿಗೆ ಪ್ರತ್ಯೇಕವಾದ ಕಡಿಮೆ ವೇತನ ಶ್ರೇಣಿ ತಂದಿತು. 1985ರ ಮೇನಲ್ಲಿ ಯುನೈಟೆಡ್ ಅದನ್ನೇ ತರಲು ಹೊರಟಾಗ ಪೈಲಟ್‌ಗಳು 29 ದಿನ ಮುಷ್ಕರ ಹೂಡಿದರು. ಆಗ ತರಬೇತಿ ಪಡೆದು ನೇಮಕಕ್ಕೆ ಕಾದಿದ್ದ ಹೊಸಬರ ಒಂದು ಗುಂಪಿತ್ತು. ಚರಿತ್ರೆಯಲ್ಲಿ ಅವರ ಹೆಸರೇ ‘570’. ಕೆಲಸಕ್ಕೆ ಬಂದರೆ ಕೂಡಲೇ ಹುದ್ದೆ ಎಂಬ ಆಮಿಷ ಮುಂದಿದ್ದರೂ ಅವರಲ್ಲಿ ಬಹುತೇಕರು ಮುಷ್ಕರದ ಗೆರೆ ದಾಟಲಿಲ್ಲ. ಸಂಸ್ಥೆ ಅವರನ್ನು ಕೈಬಿಟ್ಟಿತು, ನ್ಯಾಯಾಲಯ ಅವರ ಪರ ನಿಂತಿತು. ಒಂದು ದಿನವೂ ಸಂಸ್ಥೆಯ ವಿಮಾನ ಹಾರಿಸದವರು ತೋರಿದ ಈ ಗಟ್ಟಿತನಕ್ಕೆ ವೃತ್ತಿಯ ಇತಿಹಾಸದಲ್ಲಿ ಸಾಟಿ ಕಡಿಮೆ.

ತರಬೇತಿ ಮತ್ತು ಓಡಾಟ ಎರಡೂ ಒಟ್ಟಿಗೆ ವಿಚಾರಣೆಗೆ ಬಂದದ್ದು 2009ರ ಫೆಬ್ರವರಿ 12ರ ರಾತ್ರಿಯ ಅಪಘಾತದ ನಂತರ. ನ್ಯೂವಾರ್ಕ್‌ನಿಂದ ಹೊರಟ ಕೋಲ್ಗನ್ ಏರ್‌ನ ಸಣ್ಣ ವಿಮಾನ ಬಫಲೊ ಬಳಿ ಮನೆಯೊಂದರ ಮೇಲೆ ಬಿದ್ದು, ಒಳಗಿದ್ದ 49 ಮಂದಿ ಮತ್ತು ಮನೆಯಲ್ಲಿದ್ದ ಒಬ್ಬರು ಸತ್ತರು. ವೇಗ ಕಡಿಮೆಯಾದ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮೂತಿಯನ್ನು ಇಳಿಸುವ ಬದಲು ಮೇಲೆತ್ತಿದ್ದರು. ಆ ವಿಮಾನದ ಸ್ವಯಂಚಾಲಿತ ರಕ್ಷಣಾ ಸಾಧನವನ್ನು ಸಿಮ್ಯುಲೇಟರ್‌ನಲ್ಲಿ ಅನುಭವಿಸಿ ಕಲಿಯುವ ಅವಕಾಶ ಅವರ ತರಬೇತಿಯಲ್ಲಿ ಇರಲಿಲ್ಲ. ತನಿಖೆ ಇನ್ನೊಂದನ್ನೂ ಹೊರಗೆಳೆಯಿತು. ಕ್ಯಾಪ್ಟನ್ ಮನೆ ಫ್ಲಾರಿಡಾದಲ್ಲಿ. 24 ವರ್ಷದ ಫಸ್ಟ್ ಆಫೀಸರ್ ಹಿಂದಿನ ರಾತ್ರಿ ದೇಶದ ಇನ್ನೊಂದು ತುದಿಯ ಸಿಯಾಟಲ್‌ನಿಂದ ಸರಕು ವಿಮಾನ ಹತ್ತಿ, ಮೆಂಫಿಸ್‌ನಲ್ಲಿ ಇನ್ನೊಂದಕ್ಕೆ ಬದಲಿಸಿ ಬೆಳಗ್ಗೆ ಬೇಸ್ ತಲುಪಿದ್ದರು. ನ್ಯೂವಾರ್ಕ್ ಬೇಸ್‌ನ ಪೈಲಟ್‌ಗಳಲ್ಲಿ ಬಹುಪಾಲು, ಅಂದರೆ 93 ಮಂದಿ, ಹೀಗೆ ಬೇರೆ ಊರಿನಿಂದ ಬರುವವರೇ.

2010ರ ಆಗಸ್ಟ್‌ನಲ್ಲಿ ಸಂಸತ್ತು ಕಾಯಿದೆ ಮಾಡಿತು. ಅಲ್ಲಿಯವರೆಗೆ 250 ಗಂಟೆಗಳ ಅನುಭವದ ಲೈಸೆನ್ಸ್ ಹೊಂದಿದವರೂ ಫಸ್ಟ್ ಆಫೀಸರ್ ಆಗಬಹುದಿತ್ತು; ಈಗ ಸಾಮಾನ್ಯವಾಗಿ 1,500 ಗಂಟೆ ಬೇಕು. ಬಿದ್ದ ವಿಮಾನದ ಇಬ್ಬರಿಗೂ ಅದಕ್ಕಿಂತ ಹೆಚ್ಚಿನ ಗಂಟೆಗಳಿದ್ದವು ಎಂಬುದನ್ನು ನೋಡಿದರೆ ಈ ನಿಯಮ ರೋಗಕ್ಕೆ ತಕ್ಕ ಮದ್ದು ಎನ್ನುವುದು ಕಷ್ಟ. 2013ರ ನಿಯಮ ಹೆಚ್ಚು ಗುರಿ ತಟ್ಟಿತು: ವಿಮಾನ ತೇಲುವ ಶಕ್ತಿ ಕಳೆದುಕೊಳ್ಳುವ ಸ್ಥಿತಿಯನ್ನು ಪೂರ್ತಿಯಾಗಿ ಸಿಮ್ಯುಲೇಟರ್‌ನಲ್ಲಿ ಕಲಿಸಬೇಕು. 2014ರಿಂದ ವಿಮಾನಯಾನ ಲೈಸೆನ್ಸ್ ಪರೀಕ್ಷೆಗೆ ಕೂರುವ ಮುನ್ನ 30 ಗಂಟೆ ತರಗತಿ, 10 ಗಂಟೆ ಸಿಮ್ಯುಲೇಟರ್ ಕಡ್ಡಾಯ. ಅದೇ ವರ್ಷದ ಜನವರಿಯಿಂದ ವಿಶ್ರಾಂತಿಯ ಹೊಸ ನಿಯಮಗಳೂ ಜಾರಿಯಾದವು, ಸರಕು ವಿಮಾನಗಳನ್ನು ಮಾತ್ರ ಹೊರಗಿಟ್ಟು.

ಓಡಾಟದ ವಿಷಯದಲ್ಲಿ ಕಾಯಿದೆ ಕೇಳಿದ್ದು ಒಂದು ಅಧ್ಯಯನವನ್ನು ಅಷ್ಟೆ. ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ 2011ರಲ್ಲಿ ವರದಿ ಕೊಟ್ಟು, ನಿಯಮ ರೂಪಿಸುವಷ್ಟು ಮಾಹಿತಿ ಸಿಗುತ್ತಿಲ್ಲವೆಂದು ಕೈಚೆಲ್ಲಿತು. ಪೈಲಟ್ ಇಂದಿಗೂ ಎಷ್ಟು ದೂರದಲ್ಲಾದರೂ ಮನೆ ಮಾಡಬಹುದು. ಪ್ರತಿ ಹಾರಾಟಕ್ಕೂ ಮುನ್ನ ತಾನು ಕೆಲಸಕ್ಕೆ ಸಮರ್ಥನಿದ್ದೇನೆಂದು ದೃಢೀಕರಿಸಿದರೆ ನಿಯಮಕ್ಕೆ ಸಾಕು. ಆ ದಿನ ಎಲ್ಲಿಂದ, ಹೇಗೆ ಬಂದರು ಎಂದು ಅದು ಕೇಳುವುದಿಲ್ಲ.